ಎಂಟರ ಕಟ್ಟು ಬಿಚ್ಚಿ ಆರರ ಕಟ್ಟು

ದ್ವಿಮಾನ ಸಂಖ್ಯೆಗಳ ಪಾಠ ಮುಗಿದ ಮೇಲೆ "ಇದನ್ನ ಎಲ್ಲಿ ಬಳಸ್ತಾರೆ ಸರ್?" ಎಂಬ ಪ್ರಶ್ನೆ ಬಂದೇ ಬರುತ್ತದೆ. "ಕಂಪ್ಯೂಟರಿನಲ್ಲಿ" ಎಂದರೆ ಅದು ಉತ್ತರವಲ್ಲ, ಜಾರಿಕೊಳ್ಳುವಿಕೆ. ಅಭ್ಯಾಸ ಬೋಧನೆಗೆ ನಾನು ಆರಿಸಿಕೊಂಡ ಉದಾಹರಣೆ ಯುಯುಎನ್‌ಕೋಡ್. ಇದನ್ನು 1980ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೇರಿ ಆನ್ ಹಾರ್ಟನ್ ಬರೆದರು.

ಆಗ ಯುನಿಕ್ಸ್ ಕಂಪ್ಯೂಟರುಗಳು ಟೆಲಿಫೋನ್ ತಂತಿಯ ಮೂಲಕ ಒಂದರಿಂದ ಇನ್ನೊಂದಕ್ಕೆ ಅಂಚೆ ದಾಟಿಸುತ್ತಿದ್ದವು. ಆ ಅಂಚೆ ಇದ್ದದ್ದು ಬರಹಕ್ಕಾಗಿ. ಆಸ್ಕಿ ಅಕ್ಷರಕ್ಕೆ 7 ಬಿಟ್ ಸಾಕು. ಪ್ರೋಗ್ರಾಮಿನ ಕಡತದಲ್ಲಾದರೋ ಬೈಟಿನ 8 ಬಿಟ್ಟೂ ಬೇಕು. ದಾರಿಯಲ್ಲಿನ ಕೆಲವು ಯಂತ್ರಗಳು ಎಂಟನೆಯದನ್ನು ಕೈಬಿಡುತ್ತಿದ್ದವು. ಪತ್ರದಲ್ಲಿ ಒಂದಕ್ಷರ ಕೆಟ್ಟರೆ ಊಹಿಸಿ ಓದಬಹುದು, ಪ್ರೋಗ್ರಾಮಿನಲ್ಲಿ ಕೆಟ್ಟರೆ ಅದು ಓಡದೇ ಹೋಗಬಹುದು.

ಉಪಾಯ ಸರಳ. 3 ಬೈಟ್ ಎಂದರೆ 24 ಬಿಟ್. ಅದನ್ನೇ ಆರಾರರಂತೆ ಕತ್ತರಿಸಿದರೆ 4 ತುಂಡು. ಪ್ರತಿ ತುಂಡಿನ ಬೆಲೆ 0ಯಿಂದ 63ರೊಳಗೆ. 32 ಕೂಡಿಸಿದರೆ 32ರಿಂದ 95, ಎಲ್ಲವೂ ಅಚ್ಚಾಗುವ ಚಿಹ್ನೆಗಳೇ. ಕಪ್ಪುಹಲಗೆಯ ಮೇಲೆ 67, 97, 116 ಬರೆಯಿರಿ:

01000011 01100001 01110100

ಕಟ್ಟು ಬದಲಿಸಿದರೆ:

010000 110110 000101 110100

ಅಂದರೆ 16, 54, 5, 52. ತಲಾ 32 ಕೂಡಿಸಿದರೆ 48, 86, 37, 84. ಕಳುಹಿಸುವುದು ಈ ಸಂಖ್ಯೆಗಳ ಅಕ್ಷರಗಳನ್ನು. 37 ಎಂದರೆ ಶೇಕಡಾ ಚಿಹ್ನೆ. ಪಡೆದವರು 32 ಕಳೆದು ಹಿಂದಕ್ಕೆ ಬರುತ್ತಾರೆ. ಬಿಟ್ಟುಗಳ ಸಾಲು ಒಂದೇ, ಗೆರೆ ಎಳೆಯುವ ಜಾಗ ಮಾತ್ರ ಬೇರೆ. ಮಕ್ಕಳ ಕೈಗೆ ಹುಣಸೆಬೀಜ, ಅವರೆಕಾಳು ಕೊಟ್ಟು ಮಾಡಿಸಿದರೆ ಸಾಕು, ಪ್ರೊಜೆಕ್ಟರ್ ಬೇಡ.

ಇಲ್ಲಿ ಒಂದು ತಪ್ಪು ಕಲ್ಪನೆ ಬೇಗ ಬೇರೂರುತ್ತದೆ: ಇದು ಗುಪ್ತಲಿಪಿ ಎಂದು. ಅಲ್ಲ, ನಿಯಮ ಬಲ್ಲ ಯಾರು ಬೇಕಾದರೂ ಬಿಡಿಸಬಹುದು. ಮೌಲ್ಯಮಾಪನದಲ್ಲಿ ಇದನ್ನು ಕೇಳಲೇಬೇಕು. 3 ಬೈಟಿಗೆ 4 ಅಕ್ಷರವಾದ್ದರಿಂದ ಕಡತ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ ಎಂಬುದನ್ನು ಅವರೇ ಲೆಕ್ಕಹಾಕಲಿ.

ಚುರುಕಾದವರಿಗೆ ಮುಂದಿನ ತೊಡಕು. ತುಂಡಿನ ಬೆಲೆ 0 ಆದರೆ ಸಿಗುವುದು 32, ಅಂದರೆ ಖಾಲಿ ಜಾಗ. ಸಾಲಿನ ಕೊನೆಯ ಖಾಲಿ ಜಾಗಗಳನ್ನು ಕೆಲವು ಅಂಚೆ ಪ್ರೋಗ್ರಾಮುಗಳು ಅಳಿಸಿಬಿಡುತ್ತಿದ್ದವು. ಹಾಗಾಗಿ ನಂತರ 32ರ ಬದಲು 96 ಬಳಸಿದರು. 96ರಲ್ಲಿ 32 ಕಳೆದರೆ 64, ದ್ವಿಮಾನದಲ್ಲಿ 1000000. ಕೊನೆಯ ಆರು ಬಿಟ್ ಮಾತ್ರ ಇಟ್ಟುಕೊಂಡರೆ ಮತ್ತೆ ಸೊನ್ನೆಯೇ.