ಟೈಟಾನಿಯಂ ಸೈಲೆನ್ಸರ್ ಭಾಗಗಳನ್ನು ಮನೆಯಲ್ಲಿ ಕತ್ತರಿಸುವಾಗ ಅನುಸರಿಸಬೇಕಾದ ಸುರಕ್ಷತಾ ಕ್ರಮಗಳು

ಪೀಠಿಕೆ

ಮೋಟಾರ್ ಸೈಕಲ್‌ಗಳಿಗೆ ಟೈಟಾನಿಯಂ ಲೋಹದ ಸೈಲೆನ್ಸರ್ ಹಾಗೂ ಹೊಗೆ ಕೊಳವೆಗಳನ್ನು ಅಳವಡಿಸುವುದು ಕೆಲವು ವಾಹನ ಮಾಲೀಕರಲ್ಲಿ ರೂಢಿಯಲ್ಲಿದೆ. ಕೊಳವೆಯ ಉದ್ದ ಹೊಂದಿಕೆಯಾಗದಿದ್ದಾಗ ಅಥವಾ ಜಖಂಗೊಂಡ ತುದಿಯನ್ನು ತೆಗೆಯಬೇಕಾದಾಗ ಅದನ್ನು ಮನೆಯಲ್ಲಿಯೇ ಕತ್ತರಿಸುವುದುಂಟು. ಉಕ್ಕನ್ನು ಕತ್ತರಿಸಿದ ಅನುಭವ ಈ ಕೆಲಸಕ್ಕೆ ಸಾಲದು. ಟೈಟಾನಿಯಂ ಪುಡಿಗೆ ಹತ್ತಿದ ಬೆಂಕಿಯನ್ನು ನೀರು ಆರಿಸುವುದಿಲ್ಲ, ಬದಲಾಗಿ ಉಲ್ಬಣಗೊಳಿಸುತ್ತದೆ. ಈ ಒಂದು ಅಂಶವನ್ನು ಅರಿಯದಿರುವುದು ಅನಾಹುತಕ್ಕೆ ಎಡೆಮಾಡಿಕೊಡಬಹುದು.

ಲೋಹದ ಗುಣಲಕ್ಷಣಗಳು

ಟೈಟಾನಿಯಂನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 4.5 ಗ್ರಾಂ, ಉಕ್ಕಿನದು ಸುಮಾರು 7.8 ಗ್ರಾಂ. ಇದರ ಕರಗುವ ಬಿಂದು ಸುಮಾರು 1,668 ಡಿಗ್ರಿ ಸೆಲ್ಸಿಯಸ್. ಆದುದರಿಂದ ಇಡೀ ಕೊಳವೆಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ. ಅಪಾಯವಿರುವುದು ಕತ್ತರಿಸುವಾಗ ಉದುರುವ ನಯವಾದ ಪುಡಿ ಮತ್ತು ತೆಳು ಸಿಪ್ಪೆಗಳಲ್ಲಿ. ಈ ಲೋಹವು ಶಾಖವನ್ನು ಬೇಗನೆ ಹರಿಯಗೊಡುವುದಿಲ್ಲವಾದ್ದರಿಂದ ಕತ್ತರಿಸುವ ಅಂಚಿನಲ್ಲಿಯೇ ಶಾಖ ಶೇಖರವಾಗುತ್ತದೆ. ಗ್ರೈಂಡರ್‌ನಿಂದ ಚಿಮ್ಮುವ ಕಣ್ಣು ಕೋರೈಸುವ ಬಿಳಿ ಕಿಡಿಗಳು ಉರಿಯುತ್ತಿರುವ ಟೈಟಾನಿಯಂ ಕಣಗಳೇ ಆಗಿವೆ. ಬೆಳ್ಳಿಬಣ್ಣದ ಕಿಡಿಗಳಿಗಾಗಿ ಪಟಾಕಿಗಳಲ್ಲಿ ಈ ಲೋಹದ ಪುಡಿಯನ್ನು ಬಳಸುವುದು ಇದೇ ಕಾರಣದಿಂದ.

ಪೂರ್ವಸಿದ್ಧತೆ

1. ಭಾಗವನ್ನು ವಾಹನದಿಂದ ಬಿಚ್ಚಿ, ಪೂರ್ಣ ತಣಿದ ನಂತರವೇ ಕೆಲಸ ಆರಂಭಿಸಬೇಕು. ಪೆಟ್ರೋಲ್ ಟ್ಯಾಂಕ್ ಇರುವ ವಾಹನದ ಬಳಿ ಕತ್ತರಿಸಬಾರದು.
2. ಗಾಳಿ ಬೆಳಕು ಇರುವ, ಒಣಗಿದ ಸಿಮೆಂಟ್ ನೆಲವನ್ನು ಆರಿಸಿಕೊಳ್ಳಬೇಕು. ಅಡುಗೆ ಅನಿಲದ ಸಿಲಿಂಡರ್, ಥಿನ್ನರ್, ಎಣ್ಣೆ ಬಟ್ಟೆ ಹಾಗೂ ಹಳೆಯ ಕಾಗದ ದೂರವಿರಬೇಕು.
3. ಒಂದು ಬಕೆಟ್ ಸಂಪೂರ್ಣ ಒಣಗಿದ ಮರಳು ಮತ್ತು ಸಲಿಕೆಯನ್ನು ಕೈಗೆಟುಕುವಲ್ಲಿ ಇರಿಸಬೇಕು.
4. ಸುರಕ್ಷತಾ ಕನ್ನಡಕ, ಧೂಳು ತಡೆಯುವ ಮುಖಗವಸು, ಬಿಗಿಯಾದ ಹತ್ತಿಯ ಉಡುಪು ಮತ್ತು ಮುಚ್ಚಿದ ಪಾದರಕ್ಷೆ ಧರಿಸಬೇಕು. ಲುಂಗಿ, ದುಪಟ್ಟಾ ಮತ್ತು ನೈಲಾನ್ ಬಟ್ಟೆ ಸಲ್ಲದು.
5. ಸೈಲೆನ್ಸರ್ ಒಳಗಿನ ಗಾಜಿನ ನಾರು ಚರ್ಮ ಹಾಗೂ ಶ್ವಾಸನಾಳಕ್ಕೆ ತುರಿಕೆ ಉಂಟುಮಾಡುವುದರಿಂದ ಕೈಗವಸು ಧರಿಸಿ ಅದನ್ನು ಮೊದಲೇ ಹೊರತೆಗೆಯಬೇಕು.
6. ಮಕ್ಕಳನ್ನು ದೂರವಿರಿಸಿ, ನೆರವಿಗೆ ಒಬ್ಬ ವಯಸ್ಕರನ್ನು ಇರಿಸಿಕೊಳ್ಳುವುದು ಸೂಕ್ತ.

ಕತ್ತರಿಸುವ ವಿಧಾನ

ಮನೆಯ ಮಟ್ಟಿಗೆ ಹ್ಯಾಕ್ಸಾ ಅತ್ಯಂತ ಸುರಕ್ಷಿತ ಸಾಧನವಾಗಿದೆ. ಇದರಿಂದ ಕಿಡಿ ಏಳುವುದಿಲ್ಲ. ಉದುರುವ ಚೂರುಗಳೂ ದಪ್ಪವಾಗಿರುತ್ತವೆ. ಕೊಳವೆಯ ಗೋಡೆ ತೆಳುವಾಗಿರುವುದರಿಂದ ಅಂಗುಲಕ್ಕೆ 32 ಹಲ್ಲುಗಳಿರುವ ಹೊಸ ಬ್ಲೇಡ್ ಬಳಸಬೇಕು. ಕೊಳವೆಗೆ ಕಾಗದದ ಪಟ್ಟಿಯನ್ನು ಸುತ್ತಿ ಅಂಚು ಸೇರಿಸಿ ಗುರುತು ಹಾಕಿದರೆ ಗೆರೆ ನೇರವಾಗಿರುತ್ತದೆ. ಕೊಳವೆ ಚಪ್ಪಟೆಯಾಗದಂತೆ ಕೊರೆದ ಮರದ ತುಂಡುಗಳ ನಡುವೆ ಇರಿಸಿ ವೈಸ್‌ನಲ್ಲಿ ಹಿಡಿಸಬೇಕು. ನಿಧಾನವಾಗಿ, ಸಮನಾದ ಒತ್ತಡದಿಂದ ಕೊಯ್ಯಬೇಕು. ಒತ್ತಡವಿಲ್ಲದೆ ಬ್ಲೇಡನ್ನು ಬರಿದೇ ಉಜ್ಜಿದರೆ ಲೋಹದ ಮೇಲ್ಮೈ ಗಡುಸಾಗುತ್ತದೆ. ನಂತರ ಚೂಪಾದ ಅಂಚುಗಳನ್ನು ಅರದಿಂದ ನಯಗೊಳಿಸಬೇಕು.

ಗ್ರೈಂಡರ್ ಅನಿವಾರ್ಯವಾದಲ್ಲಿ ಅದರ ರಕ್ಷಾ ಕವಚವನ್ನು ಯಾವುದೇ ಕಾರಣಕ್ಕೂ ತೆಗೆಯಬಾರದು. ಡಿಸ್ಕಿನ ಮೇಲೆ ನಮೂದಿಸಿರುವ ಗರಿಷ್ಠ ವೇಗವು ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು. ಬಿರುಕು ಬಿಟ್ಟ ಡಿಸ್ಕ್ ಬಳಸಬಾರದು. ಒಂದೇ ಸಮನೆ ಕತ್ತರಿಸದೆ ನಡುನಡುವೆ ನಿಲ್ಲಿಸಿ ಲೋಹವನ್ನು ತಣಿಯಲು ಬಿಡಬೇಕು. ಆಗಾಗ್ಗೆ ಪುಡಿಯನ್ನು ಕುಂಚದಿಂದ ಗುಡಿಸಿ, ಮುಚ್ಚಳವಿರುವ ಒಣ ತಗಡಿನ ಡಬ್ಬಿಯಲ್ಲಿ ಬೇರೆಯಾಗಿ ಇರಿಸಬೇಕು. ಮನೆಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯುವುದಾಗಲಿ, ಗಾಳಿಯಿಂದ ಊದುವುದಾಗಲಿ, ಕಸದ ಬುಟ್ಟಿಗೆ ಹಾಕುವುದಾಗಲಿ ಅಪಾಯಕಾರಿ.

ಬೆಂಕಿ ಹೊತ್ತಿದಲ್ಲಿ

ನೀರು ಸುರಿದರೆ ಉರಿಯುವ ಟೈಟಾನಿಯಂ ಅದರೊಡನೆ ವರ್ತಿಸಿ ಜಲಜನಕ ಅನಿಲವನ್ನು ಬಿಡುಗಡೆ ಮಾಡುತ್ತದೆ. ಇದರಿಂದ ಸ್ಫೋಟ ಸಂಭವಿಸಬಹುದು. ಇಂಗಾಲದ ಡೈಆಕ್ಸೈಡ್ ನಂದಕವೂ, ಮನೆಗಳಲ್ಲಿರುವ ಸಾಮಾನ್ಯ ಎಬಿಸಿ ಪುಡಿಯ ನಂದಕವೂ ಇದಕ್ಕೆ ತಕ್ಕವಲ್ಲ. ಒಣ ಮರಳನ್ನು ಪುಡಿ ಚದುರದಂತೆ ಮೆಲ್ಲಗೆ ಸುರಿದು ಪೂರ್ಣವಾಗಿ ಮುಚ್ಚಬೇಕು. ಹಸಿ ಮರಳು ಬಳಸಬಾರದು. ಲೋಹಗಳ ಬೆಂಕಿಗೆಂದೇ ಇರುವ ಡಿ ವರ್ಗದ ಪುಡಿಯನ್ನೂ ಬಳಸಬಹುದು. ಉರಿಯನ್ನು ದಿಟ್ಟಿಸಿ ನೋಡಬಾರದು. ಆರಿದಂತೆ ಕಂಡರೂ ಮರಳನ್ನು ಕೂಡಲೇ ಕೆದಕಬಾರದು. ಬೆಂಕಿ ಹತೋಟಿಗೆ ಬಾರದಿದ್ದಲ್ಲಿ ಎಲ್ಲರೂ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಿ, ಉರಿಯುತ್ತಿರುವುದು ಟೈಟಾನಿಯಂ ಎಂದು ಮೊದಲೇ ತಿಳಿಸಬೇಕು.

ಕಣ್ಣಿಗೆ ಚೂರು ಬಿದ್ದಲ್ಲಿ ಉಜ್ಜದೆ ತಕ್ಷಣ ವೈದ್ಯರನ್ನು ಕಾಣಬೇಕು.

ಕಾನೂನಿನ ಅಂಶಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೇ ನಿಯಮದಂತೆ ಪ್ರತಿ ವಾಹನಕ್ಕೂ ಶಬ್ದ ತಗ್ಗಿಸುವ ಸೈಲೆನ್ಸರ್ ಕಡ್ಡಾಯ. ಮೋಟಾರು ವಾಹನಗಳ ಅಧಿನಿಯಮ, 1988ಕ್ಕೆ 2019ರಲ್ಲಿ ಆದ ತಿದ್ದುಪಡಿಯನ್ವಯ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರು 6 ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಇವೆರಡಕ್ಕೂ ಗುರಿಯಾಗಬಹುದು. ಆದುದರಿಂದ ಶಬ್ದ ಹೆಚ್ಚಿಸುವ ಸಲುವಾಗಿ ಸೈಲೆನ್ಸರ್ ಕತ್ತರಿಸುವುದು, ಹೊಗೆ ಶುದ್ಧೀಕರಿಸುವ ಭಾಗವನ್ನು ತೆಗೆಯುವುದು ಸಲ್ಲದು. ಕತ್ತರಿಸಿದ ಭಾಗಗಳನ್ನು ಮರುಜೋಡಿಸುವ ಬೆಸುಗೆಗೆ ಒಳಗೂ ಹೊರಗೂ ಆರ್ಗಾನ್ ಅನಿಲದ ರಕ್ಷಣೆ ಅಗತ್ಯವಿರುವುದರಿಂದ ಆ ಕೆಲಸವನ್ನು ನುರಿತ ಬೆಸುಗೆಗಾರರಿಗೇ ವಹಿಸುವುದು ಕ್ಷೇಮಕರ.