ಗೃಹೋಪಯೋಗಿ ಪೆಲೆಟ್ ಒಲೆ: ಖರೀದಿಗೆ ಮುನ್ನ ಮಾಡಬೇಕಾದ ಲೆಕ್ಕ

ಅಡುಗೆ ಅನಿಲದ ಬೆಲೆ ಏರಿದಾಗಲೆಲ್ಲ ಪೆಲೆಟ್ ಒಲೆಯ ವಿಚಾರ ಮತ್ತೆ ಚರ್ಚೆಗೆ ಬರುತ್ತದೆ. ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ, ಮರದ ಹೊಟ್ಟು ಮೊದಲಾದವುಗಳನ್ನು ಯಂತ್ರದಲ್ಲಿ ಒತ್ತಿ ತಯಾರಿಸಿದ ಸಣ್ಣ ಗುಳಿಗೆಗಳೇ ಪೆಲೆಟ್‌ಗಳು. ಶೀತದೇಶಗಳಲ್ಲಿ ಇವುಗಳಿಂದ ಕೋಣೆಯನ್ನು ಬೆಚ್ಚಗಿಡುವ ಒಲೆಗಳಿವೆ. ನಮಗೆ ಪ್ರಸ್ತುತವಾದುದು ಅಡುಗೆಯ ಒಲೆ. ಮೊದಲ ಬಾರಿಗೆ ಕೊಳ್ಳುವವರು ಸಾಮಾನ್ಯವಾಗಿ ಒಲೆಯ ಬೆಲೆಯನ್ನೇ ವಿಚಾರಿಸುತ್ತಾರೆ. ಅದು ಒಮ್ಮೆ ಮಾಡುವ ಬಂಡವಾಳ ವೆಚ್ಚ ಮಾತ್ರ. ತಿಂಗಳು ತಿಂಗಳೂ ಕೈಯಿಂದ ಹೋಗುವ ರಾಜಸ್ವ ವೆಚ್ಚವೆಂದರೆ ಪೆಲೆಟ್.

ಇದಕ್ಕೆ ನಮ್ಮ ರಾಜ್ಯಕ್ಕೆ ಸಂಬಂಧಿಸಿದ ನಿದರ್ಶನವೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ರೂಪಿಸಿದ ತಂತ್ರಜ್ಞಾನವನ್ನು ಆಧರಿಸಿ ಬಿ.ಪಿ. ಕಂಪನಿಯು 2006ರಲ್ಲಿ ‘ಊರ್ಜಾ’ ಒಲೆಯನ್ನು ಮಾರುಕಟ್ಟೆಗೆ ತಂದಿತು. 2009ರಲ್ಲಿ ಈ ವ್ಯವಹಾರ ಪುಣೆಯ ಫಸ್ಟ್ ಎನರ್ಜಿ ಸಂಸ್ಥೆಯ ಕೈಸೇರಿತು. ಸುಮಾರು 4 ಲಕ್ಷ ಒಲೆಗಳು ಮಾರಾಟವಾದವು. ಆದರೆ ಕೃಷಿ ಉಳಿಕೆಗಳಿಗೆ ಕಾರ್ಖಾನೆಗಳಿಂದ ಬೇಡಿಕೆ ಹೆಚ್ಚಿದಂತೆ ಪೆಲೆಟ್ ದುಬಾರಿಯಾಯಿತು. ಮನೆಗಳಲ್ಲಿ ಬಳಕೆ ಕುಸಿಯಿತು. ಸಂಸ್ಥೆಯು ಹೋಟೆಲು, ಕ್ಯಾಂಟೀನುಗಳತ್ತ ಹೊರಳಿತು. ಒಲೆಯಲ್ಲಿ ದೋಷವಿರಲಿಲ್ಲ, ಇಂಧನದ ಲೆಕ್ಕ ಕೂಡಲಿಲ್ಲ.

ಆ ಲೆಕ್ಕವನ್ನು ಯಾರೂ ಸುಲಭವಾಗಿ ಮಾಡಬಹುದು. ಅಡುಗೆ ಅನಿಲದ ಒಂದು ಕಿಲೋ ಸುಮಾರು 11,000 ಕಿಲೋ ಕ್ಯಾಲೊರಿ ಶಾಖ ನೀಡುತ್ತದೆ. ಕೃಷಿ ಉಳಿಕೆಯ ಪೆಲೆಟ್ ಸುಮಾರು 3,800. ಅನಿಲದ ಒಲೆಗೆ ಮಾನಕವು ವಿಧಿಸುವ ಕನಿಷ್ಠ ದಕ್ಷತೆ ಸೇ. 68, ಫ್ಯಾನ್ ಉಳ್ಳ ಜೈವಿಕ ಇಂಧನದ ಒಲೆಗೆ ಸೇ. 35. ಈ ಪ್ರಕಾರ 14.2 ಕಿಲೋ ಸಿಲಿಂಡರ್ ಮಾಡುವ ಕೆಲಸಕ್ಕೆ ಸುಮಾರು 80 ಕಿಲೋ ಪೆಲೆಟ್ ಬೇಕು. ಆದ್ದರಿಂದ ಸಿಲಿಂಡರಿನ ಬೆಲೆಯನ್ನು 80ರಿಂದ ಭಾಗಿಸಿದರೆ ಬರುವುದೇ ಪೆಲೆಟ್‌ನ ಸಮತೋಲ ದರ. ಸಿಲಿಂಡರಿಗೆ ರೂ. 900 ಎಂದಿಟ್ಟುಕೊಂಡರೆ ಅದು ಕಿಲೋಗೆ ರೂ. 11.25. ಸಾಗಾಣಿಕೆ ಸೇರಿ ಮನೆಬಾಗಿಲಿಗೆ ಬೀಳುವ ದರ ಇದಕ್ಕಿಂತ ಹೆಚ್ಚಾದರೆ ಉಳಿತಾಯವಿಲ್ಲ. ಸಗಟು ದರವನ್ನು ಕೇಳಿ ಸಮಾಧಾನಪಡುವುದು ವ್ಯಾಪಾರಿಗಳಾದ ನಮಗೆ ಶೋಭಿಸದು.

ಸೌದೆ ಉಪಯೋಗಿಸುತ್ತಿರುವ ಮನೆಗಳ ವಿಷಯ ಬೇರೆ. ಅಲ್ಲಿ ಹೊಗೆ ಕಡಿಮೆಯಾಗುವುದೇ ದೊಡ್ಡ ಲಾಭ; ಅದನ್ನು ರೂಪಾಯಿಯಲ್ಲಿ ಅಳೆಯುವುದು ಕಷ್ಟ.

ಒಲೆಯನ್ನು ಆರಿಸುವಾಗ ಭಾರತೀಯ ಮಾನಕ ಐ.ಎಸ್. 13152 (ಭಾಗ 1): 2013ರ ಗುರುತಿದೆಯೇ ಎಂದು ನೋಡತಕ್ಕದ್ದು. ದಕ್ಷತೆಯೊಂದಿಗೆ ಕಾರ್ಬನ್ ಮೊನಾಕ್ಸೈಡ್ ಹಾಗೂ ಕಣಗಳ ಮಿತಿಯನ್ನೂ ಅದು ವಿಧಿಸುತ್ತದೆ. ಫ್ಯಾನಿನ ಗಾಳಿಯ ಒಂದು ಭಾಗ ಕೆಳಗಿನಿಂದ ಹೋಗಿ ಪೆಲೆಟ್ಟನ್ನು ಅನಿಲವಾಗಿಸುತ್ತದೆ, ಇನ್ನೊಂದು ಭಾಗ ಮೇಲಿನ ರಂಧ್ರಗಳಿಂದ ಬಂದು ಆ ಅನಿಲವನ್ನು ಉರಿಸುತ್ತದೆ. ಆದುದರಿಂದ ಫ್ಯಾನ್ ನಿಂತರೆ ಹೊಗೆ ಖಚಿತ. ಬ್ಯಾಟರಿ ಹಾಗೂ ಫ್ಯಾನಿನ ಬಿಡಿಭಾಗಗಳು ಸ್ಥಳೀಯವಾಗಿ ದೊರೆಯದ ಒಲೆಯನ್ನು, ಎಷ್ಟೇ ಅಗ್ಗವಾಗಿದ್ದರೂ, ಕೊಳ್ಳದಿರುವುದು ಲೇಸು. ಊರ್ಜಾ ಮಾದರಿಯ ಒಲೆಯಲ್ಲಿ ಒಮ್ಮೆಗೆ ತುಂಬುವ ಸುಮಾರು 600 ಗ್ರಾಂ ಪೆಲೆಟ್ ಮುಕ್ಕಾಲು ಗಂಟೆಗೂ ಮೀರಿ ಉರಿಯುತ್ತದೆ. ನಡುವೆ ಆರಿಸಿ, ಮತ್ತೆ ಹಚ್ಚುವುದು ಅನುಕೂಲವಲ್ಲ. ಒಂದು ಲೋಟ ಕಾಫಿಗಾಗಿ ಈ ಒಲೆ ಹಚ್ಚುವುದು ನಷ್ಟದ ಬಾಬತ್ತು.

ಸ್ಥಾಪನೆಗೆ ಹೆಚ್ಚಿನ ಖರ್ಚಿಲ್ಲ. ಕಲ್ಲು ಅಥವಾ ಸಿಮೆಂಟಿನ ಸಮತಟ್ಟಾದ ಕಟ್ಟೆ, ಎದುರುಬದುರಾಗಿ ಗಾಳಿಯಾಡುವ ಕಿಟಕಿಗಳು, ಸಾಧ್ಯವಾದರೆ ಮೇಲೊಂದು ಹೊಗೆಗೂಡು ಇದ್ದರೆ ಸಾಕು. ಮುಚ್ಚಿದ ಕೋಣೆಯಲ್ಲಿ ಎಂದಿಗೂ ಹಚ್ಚಬಾರದು. ಉರಿ ನಿಂತ ಮೇಲೂ ಉಳಿದ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿರುತ್ತದೆ.

ಪೆಲೆಟ್‌ಗೆ ತೇವ ತಾಗಿದರೆ ಅದು ಮತ್ತೆ ಹೊಟ್ಟಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ನೆಲದಿಂದ ಎತ್ತರದಲ್ಲಿ, ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ಇಡಬೇಕು. ಬೂದಿಯ ಪ್ರಮಾಣವನ್ನೂ ವಿಚಾರಿಸಿರಿ. ಭತ್ತದ ಹೊಟ್ಟಿನ ಪೆಲೆಟ್‌ನಲ್ಲಿ ಅದು ಮರದ ಪೆಲೆಟ್‌ಗಿಂತ ಬಹಳ ಹೆಚ್ಚು.

ಇನ್ನು ಪೂರೈಕೆ. 2021ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯವು ಕಲ್ಲಿದ್ದಲಿನ ಸ್ಥಾವರಗಳಲ್ಲಿ ಪೆಲೆಟ್ಟನ್ನು ಬೆರೆಸಿ ಉರಿಸುವುದನ್ನು ಕಡ್ಡಾಯಗೊಳಿಸುವ ನೀತಿಯನ್ನು ಪ್ರಕಟಿಸಿತು. ಗೃಹಿಣಿಯು ಇನ್ನು ಇಂತಹ ಖರೀದಿದಾರರೊಡನೆ ಸ್ಪರ್ಧಿಸಬೇಕಾಗುತ್ತದೆ. ಆದುದರಿಂದ ಮೊದಲು ಹತ್ತಿರದ ತಯಾರಕರಿಂದ ವರ್ಷದ ಪೂರೈಕೆಗೆ ಲಿಖಿತ ದರವನ್ನು ಪಡೆದು, ಆಮೇಲೆ ಒಲೆಯನ್ನು ಕೊಳ್ಳಿರಿ. ಅನಿಲ ಸಂಪರ್ಕವನ್ನು ಮಾತ್ರ ಹಿಂದಿರುಗಿಸಬೇಡಿರಿ.