ಬಿಟ್ಟು ಬಂದ ಮೇಲೆ: ಓಂ ಶಿನ್ರಿಕ್ಯೋದ ಹಳೆಯ ಸದಸ್ಯರ ಕಥೆ

ಓಂ ಶಿನ್ರಿಕ್ಯೋ ಅಂತ ಹುಡುಕಿದ್ರೆ ಮೊದಲು ಸಿಗೋದು ಒಂದೇ ಸುದ್ದಿ. 1995ರ ಮಾರ್ಚ್ 20ರ ಬೆಳಗ್ಗೆ, ಜನ ಕೆಲಸಕ್ಕೆ ಹೊರಟ ಹೊತ್ತಲ್ಲಿ, ಟೋಕಿಯೋ ಸಬ್‌ವೇಯ ಐದು ರೈಲುಗಳಲ್ಲಿ ಸರಿನ್ ಅನ್ನೋ ವಿಷ ಬಿಟ್ಟರು. 13 ಜನ ಸತ್ತರು, ಸುಮಾರು ಆರು ಸಾವಿರ ಜನ ಅಸ್ವಸ್ಥರಾದರು. ಅವತ್ತು ಹಾಸಿಗೆ ಹಿಡಿದ ಒಬ್ಬ ಮಹಿಳೆ 25 ವರ್ಷ ನರಳಿ 2020ರಲ್ಲಿ ತೀರಿಕೊಂಡರು. ನಾವ್ಯಾರೂ ಆಗ ಹುಟ್ಟಿರಲಿಲ್ಲ. ಆದ್ರೂ ಇಂಜಿನಿಯರಿಂಗ್ ಕಾಲೇಜಿನ ಕನ್ನಡ ಪತ್ರಿಕೆಯಲ್ಲಿ ಇದರ ಬಗ್ಗೆ ಬರೀತಾ ಇರೋದಕ್ಕೆ ಕಾರಣ ಇದೆ. ರೈಲಿನಲ್ಲಿ ವಿಷದ ಪೊಟ್ಟಣ ಚುಚ್ಚಿದ ಐವರಲ್ಲಿ ಒಬ್ಬ ಹೃದಯದ ಶಸ್ತ್ರವೈದ್ಯ. ಮಿಕ್ಕ ನಾಲ್ವರೂ ಫಿಸಿಕ್ಸ್ ಅಥವಾ ಇಂಜಿನಿಯರಿಂಗ್ ಓದಿದವರು. ಸರಿನ್ ತಯಾರಿಸಿದವನು ಕೆಮಿಸ್ಟ್ರಿ ಓದಿದ್ದ. ಹೆಸರು ತೆಗೆದು ಬರೀ ಡಿಗ್ರಿ ಓದಿದ್ರೆ ಯಾವುದೋ ಒಳ್ಳೆ ಕಾಲೇಜಿನ ಫ್ಯಾಕಲ್ಟಿ ಪಟ್ಟಿ ಓದಿದ ಹಾಗಿರತ್ತೆ.

ಅಪರಾಧ ಮಾಡಿದವರ ಬಗ್ಗೆ ಬೇಕಾದಷ್ಟು ಪುಸ್ತಕ ಬಂದಿವೆ. ನಮಗೆ ಕಾಡಿದ ಪ್ರಶ್ನೆ ಬೇರೆ. ಆ ದಿನ ಜಪಾನಿನಲ್ಲಿ ಈ ಪಂಥಕ್ಕೆ ಸುಮಾರು ಹತ್ತು ಸಾವಿರ ಸದಸ್ಯರಿದ್ದರು. ಅವರಲ್ಲಿ ಸಾವಿರಕ್ಕೂ ಹೆಚ್ಚು ಜನ ಮನೆ, ಕೆಲಸ, ಆಸ್ತಿ ಎಲ್ಲವನ್ನೂ ಪಂಥಕ್ಕೆ ಒಪ್ಪಿಸಿ ಸಂನ್ಯಾಸಿಗಳಾಗಿ ಒಳಗೇ ಬದುಕುತ್ತಿದ್ದರು. ಬಹುತೇಕರಿಗೆ ಸರಿನ್ ವಿಷಯವೇ ಗೊತ್ತಿರಲಿಲ್ಲ. ಇವರೆಲ್ಲ ಬಿಟ್ಟು ಬಂದ ಮೇಲೆ ಏನಾದರು?

ಮೊದಲು ಸ್ವಲ್ಪ ಹಿನ್ನೆಲೆ. 1984ರಲ್ಲಿ ಶೋಕೋ ಅಸಾಹರಾ ಅನ್ನುವವನು ಟೋಕಿಯೋದಲ್ಲಿ ಒಂದು ಚಿಕ್ಕ ಯೋಗ ತರಗತಿ ಶುರು ಮಾಡಿದ. ಹಿಮಾಲಯಕ್ಕೆ ಹೋಗಿ ಜ್ಞಾನೋದಯ ಪಡೆದು ಬಂದೆ ಅಂತ ಹೇಳಿಕೊಂಡ. 1987ರಲ್ಲಿ ಪಂಥಕ್ಕೆ ಓಂ ಶಿನ್ರಿಕ್ಯೋ ಅಂತ ಹೆಸರಾಯ್ತು, 1989ರಲ್ಲಿ ಧಾರ್ಮಿಕ ಸಂಸ್ಥೆಯಾಗಿ ಸರ್ಕಾರಿ ಮಾನ್ಯತೆ ಸಿಕ್ತು. ಫ್ಯೂಜಿ ಪರ್ವತದ ಬುಡದ ಕಾಮಿಕುಯಿಶಿಕಿ ಹಳ್ಳಿಯಲ್ಲಿದ್ದ ಅವರ ಕಟ್ಟಡಗಳ ಹೆಸರು 'ಸತ್ಯಂ'. ಸರಿನ್ ತಯಾರಿಸೋಕೆ ಕಾರ್ಖಾನೆ ಕಟ್ಟಿದ್ದು ಏಳನೇ ನಂಬರಿನ ಸತ್ಯಂನಲ್ಲಿ! ನಮಗೆ ಮನೆಮಾತಿನಷ್ಟು ಪರಿಚಯ ಇರೋ ಶಬ್ದಗಳನ್ನ ಹೀಗೆ ನೋಡಿದಾಗ ಮೈ ಜುಮ್ಮೆನ್ನತ್ತೆ. ಯೋಗ, ಬೌದ್ಧ ಧರ್ಮ, ಟಿಬೆಟ್ ಎಲ್ಲ ಕಡೆಯಿಂದ ಪದ ಎತ್ತಿಕೊಂಡು ಅರ್ಥ ಬದಲಾಯಿಸಿದ್ದರು. 'ಪೋವಾ' ಅಂದ್ರೆ ಟಿಬೆಟಿನ ಸಂಪ್ರದಾಯದಲ್ಲಿ ಸಾಯುವವನ ಪ್ರಜ್ಞೆಯನ್ನ ಮೇಲಿನ ಲೋಕಕ್ಕೆ ಸಾಗಿಸೋ ಸಾಧನೆ. ಇಲ್ಲಿ ಅದು ಕೊಲೆಗೆ ಇಟ್ಟ ಹೆಸರಾಯ್ತು.

ಈಗ ಕೆನಿಚಿ ಹಿರೋಸೆಯ ವಿಷಯಕ್ಕೆ ಬರೋಣ. ರೈಲಿನ ಐವರಲ್ಲಿ ಇವನೂ ಒಬ್ಬ. ವಾಸೆದಾ ವಿಶ್ವವಿದ್ಯಾಲಯದಲ್ಲಿ ಅಪ್ಲೈಡ್ ಫಿಸಿಕ್ಸ್ ಓದಿ, ಸೂಪರ್‌ಕಂಡಕ್ಟರ್ ಮೇಲೆ ಸಂಶೋಧನೆ ಮಾಡಿ, ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದರೂ ಬಿಟ್ಟು 1989ರಲ್ಲಿ ಸಂನ್ಯಾಸಿಯಾದ. ಮರಣದಂಡನೆಯ ಶಿಕ್ಷೆಯಲ್ಲಿದ್ದಾಗ, 2008ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗಾಗಿಯೇ ಒಂದು ಉದ್ದನೆಯ ಪತ್ರ ಬರೆದ. ಅದರಲ್ಲಿ ಒಂದು ವಿಷಯ ನಮಗೆ ನೇರವಾಗಿ ತಟ್ಟಿತು. ಹೈಸ್ಕೂಲಿನಲ್ಲಿದ್ದಾಗ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ರೇಟು ಕಡಿಮೆ ಮಾಡಿ ಖಾಲಿ ಮಾಡ್ತಿದ್ದ ಸಾಮಾನು ನೋಡಿ ಅವನಿಗೆ ಎಲ್ಲ ವ್ಯರ್ಥ ಅನ್ನಿಸಿತ್ತಂತೆ. ಯಾರೋ ಕಷ್ಟಪಟ್ಟು ಡಿಸೈನ್ ಮಾಡಿದ್ದು ಕೆಲವೇ ದಿನಕ್ಕೆ ಬೆಲೆ ಇಲ್ಲದ್ದಾಗತ್ತೆ, ಹಾಗಿದ್ರೆ ಇದನ್ನೆಲ್ಲ ಮಾಡೋದ್ಯಾಕೆ? ನಮ್ಮ ಹಾಸ್ಟೆಲಿನಲ್ಲಿ ಈ ಪ್ರಶ್ನೆ ಬರದೇ ಇರೋ ರೂಮು ಕಡಿಮೆ. ಏಳನೇ ಸೆಮಿಸ್ಟರಿನಲ್ಲಂತೂ ಬಂದೇ ಬರತ್ತೆ.

1988ರಲ್ಲಿ ಹಿರೋಸೆ ಪುಸ್ತಕದಂಗಡಿಯಲ್ಲಿ ಅಸಾಹರಾನ ಪುಸ್ತಕ ನೋಡಿದ. ಮೊದಲಿಗೆ ಪೂರ್ತಿ ನಂಬಲಿಲ್ಲ. ಆದ್ರೆ ಓದಲು ಶುರು ಮಾಡಿ ಸುಮಾರು ಒಂದು ವಾರಕ್ಕೆ, ಪುಸ್ತಕದಲ್ಲಿ ಕುಂಡಲಿನಿ ಜಾಗೃತಿ ಅಂತ ವರ್ಣಿಸಿದ ಹಾಗೇ ಬೆನ್ನಿನ ಬುಡದಿಂದ ಬಿಸಿ ಮೇಲೇರಿದ ಅನುಭವ ಆಯ್ತು. ಫಿಸಿಕ್ಸ್ ಓದಿದವನ ತಲೆ ಹೇಗೆ ಓಡತ್ತೆ ನೋಡಿ. ಥಿಯರಿ ಮೊದಲೇ ಹೇಳಿತ್ತು, ಪ್ರಯೋಗದಲ್ಲಿ ಅದೇ ಫಲಿತಾಂಶ ಬಂತು, ಅಂದ್ಮೇಲೆ ಥಿಯರಿ ಸರಿ. ಗುರು ಹೇಳಿದ ಮಿಕ್ಕಿದ್ದೂ ಸರಿಯೇ ಇರಬೇಕು! ಉಸಿರಾಟದ ಅಭ್ಯಾಸ, ಕಡಿಮೆ ನಿದ್ದೆ, ತೀವ್ರ ನಿರೀಕ್ಷೆ ಇದ್ದರೆ ದೇಹದಲ್ಲಿ ಇಂಥ ಅನುಭವ ಯಾರಿಗೂ ಆಗಬಹುದು, ಅದಕ್ಕೆ ಬೇರೆ ವಿವರಣೆಗಳೂ ಇವೆ ಅನ್ನೋದನ್ನ ಅವನು ಜೈಲಿನಲ್ಲಿ ಕೂತು ನಿಧಾನವಾಗಿ ಒಪ್ಪಿಕೊಂಡ.

ಪಂಥ ಬಿಟ್ಟವರ ಕಷ್ಟ ಅರ್ಥ ಆಗಬೇಕಾದ್ರೆ ಇಲ್ಲಿಂದಲೇ ಶುರು ಮಾಡಬೇಕು ಅಂತ ನಮ್ಮ ಅಭಿಪ್ರಾಯ. ಹೊರಗಿನವರು ಹೇಳೋದು 'ಅದೆಲ್ಲ ಬರೀ ಸುಳ್ಳು' ಅಂತ. ಬಿಟ್ಟು ಬಂದವನಿಗೆ ಅದು ಸುಳ್ಳಲ್ಲ ಅಂತ ಮೈಯೇ ಹೇಳ್ತಿರತ್ತೆ. ಬೆಳಕು ಕಂಡಿದ್ದು ನಿಜ, ನೆಮ್ಮದಿ ಸಿಕ್ಕಿದ್ದು ನಿಜ, ಜೊತೆಗಿದ್ದವರ ಪ್ರೀತಿಯೂ ನಿಜ. ಲ್ಯಾಬ್ ಭಾಷೆಯಲ್ಲಿ ಹೇಳೋದಾದ್ರೆ ರೀಡಿಂಗ್ ಸರಿ ಇದೆ, ಅದಕ್ಕೆ ಕಟ್ಟಿದ ಮಾಡೆಲ್ ತಪ್ಪು. ಎರಡನ್ನೂ ಒಟ್ಟಿಗೆ ಕಸದ ಬುಟ್ಟಿಗೆ ಹಾಕು ಅಂದ್ರೆ ಅವನು ಮಾತೇ ನಿಲ್ಲಿಸ್ತಾನೆ. ಕಾದಂಬರಿಕಾರ ಹಾರುಕಿ ಮುರಾಕಾಮಿ ಮೊದಲು ಸರಿನ್ ದಾಳಿಗೆ ಸಿಕ್ಕವರನ್ನ, ಆಮೇಲೆ ಓಂನ ಸದಸ್ಯರನ್ನ, ಮಾಜಿ ಸದಸ್ಯರನ್ನ ಸಂದರ್ಶಿಸಿದರು. ಸೇರಿದ್ದಕ್ಕೆ ಪಶ್ಚಾತ್ತಾಪ ಇದೆಯಾ ಅಂತ ಕೇಳಿದ್ರೆ ಹೆಚ್ಚಿನವರು ಇಲ್ಲ ಅಂದರಂತೆ. ಮೊದಲ ಸಲ ಓದಿದಾಗ ನಮಗೆ ಸಿಟ್ಟೇ ಬಂತು, ರೈಲಿನಲ್ಲಿ ಸತ್ತವರ ಮನೆಯವರು ಇದನ್ನ ಓದಿದ್ರೆ ಏನನ್ನಬೇಕು ಅಂತ. ಆದ್ರೆ ಅವರು ಕೊಲೆಗಳನ್ನ ಸಮರ್ಥಿಸ್ತಾ ಇರಲಿಲ್ಲ. ಹೊರಗೆ ಸಿಗದ ಏನೋ ಒಂದು ಒಳಗೆ ಸಿಕ್ಕಿತ್ತು ಅಂತ ಹೇಳ್ತಾ ಇದ್ದರು.

ತಪ್ಪು ಮಾಡೆಲ್ಲನ್ನ ತಲೆಯಿಂದ ತೆಗೆಯೋದು ಇಷ್ಟು ಕಷ್ಟ ಯಾಕೆ ಅಂದ್ರೆ, ಯಾವ ಡೇಟಾ ಬಂದರೂ ಹೊಂದೋ ಹಾಗೆ ಅದನ್ನ ಕಟ್ಟಿರ್ತಾರೆ. ಓಂನಲ್ಲಿ ಕಾಯಿಲೆ ಬಂದ್ರೆ, ಹೊಡೆತ ಬಿದ್ರೆ 'ಕರ್ಮ ಕಳೀತಾ ಇದೆ'. ಗುರು ಅರ್ಥವಿಲ್ಲದ ಆಜ್ಞೆ ಕೊಟ್ಟರೆ ಅದು ಶಿಷ್ಯನ ಪರೀಕ್ಷೆ, ಅದಕ್ಕೆ 'ಮಹಾಮುದ್ರೆ' ಅಂತ ಹೆಸರು. ಅನುಮಾನ ಬಂದ್ರೆ ಅದು ನಿನ್ನದೇ ಕಲ್ಮಶ. ಬಿಟ್ಟು ಹೋದ್ರೆ ನರಕ. ಯಾವ ಪ್ರಯೋಗದಿಂದಲೂ ತಪ್ಪು ಅಂತ ತೋರಿಸೋಕೆ ದಾರಿಯೇ ಇಲ್ಲ. ಗೇಟು ದಾಟಿ ಬಂದ ಮೇಲೂ ಈ ಯಂತ್ರ ಓಡ್ತಾನೇ ಇರತ್ತೆ. ಜ್ವರ ಬಂದರೆ, ಕೆಲಸ ಸಿಗದಿದ್ರೆ, ಅಪ್ಪ ತೀರಿಕೊಂಡ್ರೆ, 'ಬಿಟ್ಟಿದ್ದಕ್ಕೇ ಹೀಗಾಯ್ತು' ಅಂತ ಮನಸ್ಸು ತಾನೇ ಲೆಕ್ಕ ಹಾಕತ್ತೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಗರೆಟ್ ಸಿಂಗರ್ ಇಂಥ ಬೇರೆ ಬೇರೆ ಗುಂಪುಗಳನ್ನ ಬಿಟ್ಟು ಬಂದವರ ಜೊತೆ ಕೆಲಸ ಮಾಡಿ 1979ರಲ್ಲಿ ಒಂದು ಲೇಖನ ಬರೆದರು. ಖಿನ್ನತೆ, ಒಂಟಿತನ ಇರತ್ತೆ ಅಂತ ಯಾರಾದ್ರೂ ಊಹಿಸಬಹುದು. ನಾವು ಊಹಿಸದೇ ಇದ್ದದ್ದು ನಿರ್ಧಾರ ತಗೊಳ್ಳೋ ಕಷ್ಟ. ಏಳೋದು, ಉಣ್ಣೋದು, ಯಾರ ಜೊತೆ ಮಾತಾಡೋದು ಎಲ್ಲ ವರ್ಷಗಟ್ಟಲೆ ಬೇರೆಯವರು ಹೇಳಿದ ಮೇಲೆ, ಹೋಟೆಲಿನಲ್ಲಿ ಇಡ್ಲಿನಾ ದೋಸೆನಾ ಅನ್ನೋ ಥರದ ಪ್ರಶ್ನೆಗೂ ಬಾಯಿ ಕಟ್ಟತ್ತೆ. ಇನ್ನೊಂದು 'ತೇಲೋದು': ಒಂದು ಹಾಡೋ ಪದವೋ ಕಿವಿಗೆ ಬಿದ್ದರೆ ಹಳೆಯ ಧ್ಯಾನದ ಸ್ಥಿತಿಗೆ ಮನಸ್ಸು ತಾನಾಗೇ ಜಾರೋದು. ಮೂರನೆಯದನ್ನ ಅವರು ಮೀನಿನ ತೊಟ್ಟಿಗೆ ಹೋಲಿಸಿದರು. ಮನೆಯವರು ಹಗಲು ರಾತ್ರಿ ಕಣ್ಣಿಟ್ಟು ನೋಡ್ತಾರೆ. ಸುಮ್ಮನೆ ಕಿಟಕಿ ಕಡೆ ನೋಡ್ತಾ ಕೂತರೂ 'ಮತ್ತೆ ಅಲ್ಲಿಗೆ ಹೋಗೋ ಯೋಚನೆನಾ?' ಅಂತ ಅಮ್ಮನ ಮುಖ ಸಣ್ಣಗಾಗತ್ತೆ. ಅಮ್ಮನದ್ದು ಪ್ರೀತಿಯೇ, ಆದ್ರೆ ಉಸಿರುಕಟ್ಟಿಸೋ ಪ್ರೀತಿ.

ಜಪಾನಿನಲ್ಲಿ ಇದರ ಮೇಲೆ ಹೊಟ್ಟೆಪಾಡಿನ ಪ್ರಶ್ನೆಯೂ ಸೇರಿತು. ನಮ್ಮ ಕ್ಯಾಂಪಸ್ ಪ್ಲೇಸ್‌ಮೆಂಟ್ ಥರವೇ ಅಲ್ಲಿ ಡಿಗ್ರಿ ಮುಗಿಸೋ ವರ್ಷ ಎಲ್ಲರನ್ನೂ ಒಟ್ಟಿಗೆ ನೇಮಕ ಮಾಡಿಕೊಳ್ಳೋ ಪದ್ಧತಿ. ಆ ಬಸ್ ತಪ್ಪಿದ್ರೆ ಮತ್ತೆ ಹತ್ತೋದು ಬಹಳ ಕಷ್ಟ. ರೆಸ್ಯೂಮೆಯಲ್ಲಿ ಐದಾರು ವರ್ಷ ಖಾಲಿ ಇದ್ದರೆ ಏನಂತ ಹೇಳೋದು? ನಿಜ ಹೇಳಿದ್ರೆ ಬಾಗಿಲು ಮುಚ್ಚತ್ತೆ, ಸುಳ್ಳು ಹೇಳಿದ್ರೆ ದಿನಾ ಭಯ. ಉಳಿತಾಯ ಪಂಥಕ್ಕೆ ಹೋಗಿದೆ. ಎಷ್ಟೋ ಊರುಗಳ ಸ್ಥಳೀಯ ಆಡಳಿತಗಳು ಓಂನವರಿಗೆ ವಾಸದ ನೋಂದಣಿ ಕೊಡೋಕೇ ಒಪ್ಪಲಿಲ್ಲ, ಕೋರ್ಟುಗಳು ಅದು ಕಾನೂನಿಗೆ ವಿರುದ್ಧ ಅಂತ ಹೇಳಬೇಕಾಯ್ತು. ಜನರ ಭಯ ನಮಗೆ ಅರ್ಥ ಆಗತ್ತೆ, ಪಕ್ಕದ ಮನೆಗೆ ಅವರು ಬಂದಿದ್ರೆ ನಾವೂ ಹೆದರ್ತಿದ್ವಿ. ಆದ್ರೆ ಹೊರಗೆ ಜಾಗವೇ ಸಿಗದವನು ಕೊನೆಗೆ ಎಲ್ಲಿಗೆ ಹೋಗ್ತಾನೆ? ಊಟ, ಚಾಪೆ, ಪರಿಚಯದ ಮುಖ ಇರೋ ಕಡೆಗೇ.

ಮಕ್ಕಳ ಕಥೆ ಇನ್ನೂ ಬೇರೆ, ಅವರು ಸೇರಿದವರೇ ಅಲ್ಲ. 1995ರ ಏಪ್ರಿಲಿನಲ್ಲಿ ಕಾಮಿಕುಯಿಶಿಕಿಯಿಂದ 53 ಮಕ್ಕಳನ್ನ ಸರ್ಕಾರ ಮಕ್ಕಳ ರಕ್ಷಣಾ ಕೇಂದ್ರಕ್ಕೆ ಕರೆತಂದಿತು. ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲದೆ ಸೊರಗಿದ್ದರು, ಹೊರಗಿನ ಪ್ರಪಂಚ ಕೆಟ್ಟದ್ದು ಅಂತ ಕಲಿತಿದ್ದರು, ಕಾಪಾಡೋಕೆ ಬಂದವರಿಗೇ ಹೆದರುತ್ತಿದ್ದರು. ದೊಡ್ಡವರಿಗೆ ಬಿಟ್ಟು ಬಂದ ಮೇಲೆ ಹಿಂದಿರುಗೋಕೆ ಒಂದು ಹಳೆಯ ಬದುಕು ಇರತ್ತೆ. ಈ ಮಕ್ಕಳಿಗೆ ಅದೂ ಇರಲಿಲ್ಲ.

ಇಷ್ಟರ ನಡುವೆ ನಮಗೆ ತುಂಬಾ ಇಷ್ಟವಾದ ವ್ಯಕ್ತಿ ತಾರೋ ತಾಕಿಮೊತೊ ಅನ್ನೋ ವಕೀಲರು. ಅಸಾಹರಾ ಪದ್ಮಾಸನದಲ್ಲಿ ಗಾಳಿಯಲ್ಲಿ ತೇಲೋ ಫೋಟೋ ಪಂಥದ ದೊಡ್ಡ ಜಾಹೀರಾತು. ಅದು ಸುಳ್ಳು ಅಂತ ವಾದ ಮಾಡೋ ಬದಲು ತಾಕಿಮೊತೊ ತಾವೇ ಪದ್ಮಾಸನ ಹಾಕಿ ಜಿಗಿಯೋದನ್ನ ಅಭ್ಯಾಸ ಮಾಡಿ, ಸರಿಯಾದ ಕ್ಷಣಕ್ಕೆ ಫೋಟೋ ತೆಗೆಸಿಕೊಂಡು, ಸದಸ್ಯರಿಗೆ ತೋರಿಸಿದರು. ನೋಡಿ, ನಾನೂ ತೇಲಿದೆ! ಇದಕ್ಕಿಂತ ಒಳ್ಳೆ ಪ್ರಾಕ್ಟಿಕಲ್ ಇರತ್ತಾ? ಪಂಥದವರು 1994ರಲ್ಲಿ ಅವರ ಮೇಲೂ ಸರಿನ್ ಪ್ರಯೋಗಿಸಿದರು, ಬದುಕಿ ಉಳಿದರು. ಮಾಜಿ ಸದಸ್ಯರು ಸೇರೋ 'ಕ್ಯಾನರಿ ಸಂಘ'ದ ಬೆನ್ನಿಗೆ ನಿಂತವರೂ ಅವರೇ. ಅಲ್ಲಿ ಯಾರೂ 'ಅಷ್ಟು ಓದಿಯೂ ಹೇಗೆ ನಂಬಿದೆ' ಅಂತ ಕೇಳೋದಿಲ್ಲ, ಯಾಕಂದ್ರೆ ಬಂದವರೆಲ್ಲ ಒಂದು ಕಾಲಕ್ಕೆ ನಂಬಿದವರೇ. ನರಕದ ಭಯದ ಬಗ್ಗೆ ನಾಚಿಕೆ ಇಲ್ಲದೆ ಮಾತಾಡಬಹುದು.

ಎಲ್ಲರೂ ಬಿಡಲಿಲ್ಲ ಅನ್ನೋದನ್ನೂ ಹೇಳಬೇಕು. ಪಂಥ 2000ದಲ್ಲಿ ಅಲೆಫ್ ಅಂತ ಹೆಸರು ಬದಲಿಸಿಕೊಂಡಿತು, 2007ರಲ್ಲಿ ಅದರಿಂದ ಇನ್ನೊಂದು ಗುಂಪು ಒಡೆದುಹೋಯ್ತು. ಇವತ್ತಿಗೂ ಇವುಗಳ ಸದಸ್ಯರು ಸುಮಾರು 1600 ಜನ ಅಂತ ಜಪಾನ್ ಸರ್ಕಾರದ ಲೆಕ್ಕ. ಹೆಸರು ಹೇಳದೆ ಯೋಗ ತರಗತಿಯ ರೂಪದಲ್ಲಿ ಹೊಸಬರನ್ನ ಸೆಳೀತಾರೆ, ಅದರಲ್ಲೂ 1995ರ ನೆನಪಿಲ್ಲದ ವಯಸ್ಸಿನವರನ್ನ. ಅದಕ್ಕೇ ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ಫ್ರೆಶರ್‌ಗಳಿಗೆ ಓರಿಯೆಂಟೇಷನ್‌ನಲ್ಲೇ ಈ ಬಗ್ಗೆ ಎಚ್ಚರಿಕೆ ಕೊಡ್ತವೆ. ಅಸಾಹರಾ ಸೇರಿ 13 ಜನರಿಗೆ 2018ರ ಜುಲೈನಲ್ಲಿ ಗಲ್ಲು ಆಯ್ತು, ಪತ್ರ ಬರೆದ ಹಿರೋಸೆಗೂ.

ನಮ್ಮ ಕ್ಯಾಂಪಸ್ಸಿಗೂ ಶನಿವಾರ ಭಾನುವಾರದ ಉಚಿತ ಶಿಬಿರಗಳ ಕರಪತ್ರ ಬರ್ತಾನೇ ಇರ್ತವೆ, ಅವುಗಳಲ್ಲಿ ಬಹುಪಾಲು ಏನೂ ಅಪಾಯವಿಲ್ಲದವು. ಹೋಗಬೇಡಿ ಅಂತ ನಾವು ಹೇಳ್ತಿಲ್ಲ. ಹೋದಲ್ಲಿ ಪ್ರಶ್ನೆ ಕೇಳಿದ್ರೆ ಉತ್ತರ ಸಿಗತ್ತಾ ಅಥವಾ ಪ್ರಶ್ನೆ ಕೇಳಿದ್ದೇ ನಿಮ್ಮ ದೋಷ ಅಂತ ಆಗತ್ತಾ, ಅಷ್ಟು ನೋಡಿಕೊಳ್ಳಿ. ಇನ್ನು, ಎಲ್ಲೋ ಇಂಥ ಕಡೆ ಎರಡು ಸೆಮಿಸ್ಟರ್ ಕಳೆದ ಕ್ಲಾಸ್‌ಮೇಟ್ ಒಬ್ಬ ವಾಪಸ್ ಬಂದು ಕೊನೇ ಬೆಂಚಲ್ಲಿ ಕೂತರೆ, ಅವತ್ತೇ ಕಥೆ ಕೇಳೋಕೆ ಹೋಗಬೇಡಿ. ಮೆಸ್ಸಿಗೆ ಜೊತೆಯಲ್ಲಿ ಕರ್ಕೊಂಡು ಹೋಗಿ. ಬಾಕಿ ಇರೋ ಸಬ್ಜೆಕ್ಟುಗಳ ನೋಟ್ಸು, ಲ್ಯಾಬ್ ರೆಕಾರ್ಡು ಕೊಡಿ. ಹೇಳಬೇಕು ಅನ್ನಿಸಿದಾಗ ಅವನೇ ಹೇಳ್ತಾನೆ, ಅದಕ್ಕೆ ಒಂದು ವರ್ಷ ಬೇಕಾಗಬಹುದು.